ಪರಿಮಳದ ಒಡೆತನ

ದೇವರ ಪೂಜೆಗೆಂದು ಬಿಡಿಸಿದ ಹೂವನ್ನು ಮೂಸಬಾರದೆಂಬ ಕಟ್ಟಳೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ತಿಳಿದಿರುತ್ತದೆ. ಮೂಸಿದ ಹೂವಿನ ಮೊದಲ ಭೋಗ ಮನುಷ್ಯನ ಪಾಲಾಯಿತು, ಉಂಡು ಬಿಟ್ಟುದನ್ನು ಭಗವಂತನಿಗೆ ಒಪ್ಪಿಸುವುದು ಉಚಿತವಲ್ಲವೆಂಬುದು ಅದರ ಆಶಯ. ಪಂಚೋಪಚಾರಗಳಲ್ಲಿ ಮೊದಲನೆಯದು ಗಂಧ. ಅದನ್ನು ಪೃಥಿವೀತತ್ತ್ವದ ಪ್ರತಿನಿಧಿಯೆಂದು ಭಾವಿಸಿ ಸಮರ್ಪಿಸತಕ್ಕದ್ದೆಂದು ಪೂಜಾಪದ್ಧತಿ ಹೇಳುತ್ತದೆ. ಭೂಮಿಯ ಸಾರವೇ ಆದ ಪರಿಮಳವನ್ನು ನಾವು ಆಘ್ರಾಣಿಸದೆ ಅದರ ನಿಜವಾದ ಒಡೆಯನಿಗೆ ಒಪ್ಪಿಸಬೇಕೆಂಬ ಈ ಭಾವನೆಯ ಚೆಲುವಿಗೆ ಮನಸೋಲದವರು ವಿರಳ. ಆದರೆ ಆ ಹೂವಿಗೆ, ಆ ಹಣ್ಣಿಗೆ ಅಷ್ಟು ಪರಿಮಳ ಎಲ್ಲಿಂದ ಬಂದಿತೆಂದು ವಿಚಾರಿಸತೊಡಗಿದರೆ ತೊಡಕೊಂದು ಎದುರಾಗುತ್ತದೆ. ಬೀಜಗಳಿಂದ ಕಿಕ್ಕಿರಿದ ಕಾಡುಬಾಳೆಯಿಂದ ಇಂದು ನೈವೇದ್ಯದ ತಟ್ಟೆಯಲ್ಲಿರುವ ಬಾಳೆಯವರೆಗೆ ನಡೆದು ಬಂದ ಸಾವಿರಾರು ವರ್ಷಗಳ ದಾರಿಯಲ್ಲಿ ಪ್ರತಿಯೊಂದು ಹೆಜ್ಜೆಯಲ್ಲಿಯೂ ಯಾವನೋ ಒಬ್ಬ ಒಕ್ಕಲಿಗ, ಯಾವಳೋ ಒಬ್ಬ ಗೃಹಿಣಿ ಹಣ್ಣನ್ನು ಮೂಸಿ, ಕಚ್ಚಿ ನೋಡಿ, ಈ ಗಿಡ ಇರಲಿ, ಆ ಗಿಡ ಬೇಡವೆಂದು ತೀರ್ಮಾನಿಸಿದ್ದುಂಟು. ಅಂದಮೇಲೆ ಪರಿಮಳ ಯಾರ ಸೊತ್ತು? ಮಣ್ಣಿನದೋ, ಗಿಡದ್ದೋ, ಆರಿಸಿದ ಮನುಷ್ಯನದೋ, ಅಥವಾ ಇವರೆಲ್ಲರನ್ನೂ ಮೀರಿದವನದೋ?

ಈ ಪ್ರಶ್ನೆಗೆ ನಂಜನಗೂಡು ತಕ್ಕ ಸ್ಥಳ. ಕಪಿಲೆಯ ದಂಡೆಯ ಮೇಲಿನ ಶ್ರೀಕಂಠೇಶ್ವರನನ್ನು ಜನ ನಂಜುಂಡನೆಂದೇ ಕರೆಯುತ್ತಾರೆ. ನದಿಯಲ್ಲಿ ಮಿಂದು, ಮುಡಿ ಕೊಟ್ಟು, ಉರುಳುಸೇವೆ ಮಾಡಿ, ರೋಗರುಜಿನಗಳ ಹರಕೆ ತೀರಿಸಿ ಹೋಗುತ್ತಾರೆ. ಹಾಲಾಹಲವನ್ನು ಕಂಠದಲ್ಲಿ ಧರಿಸಿದ ದೇವರ ಊರು ತನ್ನ ಹೆಸರಿನೊಡನೆ ಲೋಕಕ್ಕೆ ಕೊಟ್ಟದ್ದು ಮಾತ್ರ ಸುವಾಸನೆಗೆ ಹೆಸರಾದ ಹಣ್ಣು, ನಂಜನಗೂಡು ರಸಬಾಳೆ. 2005-06ನೆಯ ಸಾಲಿನಲ್ಲಿ ಸರ್ಕಾರ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ನೀಡಿತು. ಅದೇ ಸಾಲಿನಲ್ಲಿ ಮೈಸೂರು ವೀಳ್ಯದೆಲೆಗೂ, ಮುಂದೆ ಮೈಸೂರು ಮಲ್ಲಿಗೆಗೂ ಈ ಮನ್ನಣೆ ದೊರೆಯಿತು. ರಸಬಾಳೆಯ ಗೊನೆಯನ್ನು ಕಡಿದು ತಂದು ಮನೆಯ ಮೂಲೆಯಲ್ಲಿ ಇರಿಸಿದ ಮೊದಲ ದಿನಗಳಲ್ಲಿ ಅದರಲ್ಲಿ ಹಸಿಸೊಪ್ಪಿನ ವಾಸನೆಯಲ್ಲದೆ ಬೇರೇನೂ ಇರುವುದಿಲ್ಲ. ಕಾಯಿ ಹಳದಿಗೆ ತಿರುಗಿ, ಸಿಪ್ಪೆ ತೆಳುವಾಗಿ, ಅದರ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಮೂಡಿದ ದಿನ ಹೊಸ್ತಿಲು ದಾಟಿ ಒಳಗೆ ಬಂದವರಿಗೆ ಗೊನೆ ಕಣ್ಣಿಗೆ ಬೀಳುವ ಮೊದಲೇ ಹಣ್ಣಾಯಿತೆಂದು ತಿಳಿದುಹೋಗುತ್ತದೆ. ಮತ್ತೆ ಒಂದೆರಡು ದಿನ ತಡೆದರೆ ಹಣ್ಣುಗಳು ಒಂದೊಂದಾಗಿ ಚಿಪ್ಪಿನಿಂದ ಕಳಚಿ ನೆಲಕ್ಕೆ ಬೀಳುತ್ತವೆ. ತಿರುಳು ಬಿಳಿದು, ಮೃದು. ಒಮ್ಮೊಮ್ಮೆ ನಡುವೆ ಮಾಗದ ಗಂಟೊಂದು ಹಲ್ಲಿಗೆ ಸಿಕ್ಕುತ್ತದೆ. ದೂರದ ಪಯಣವನ್ನು ತಾಳದ, ಬಹಳ ದಿನ ನಿಲ್ಲದ ಈ ಹಣ್ಣನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದುದು ಅದರ ಪರಿಮಳವೊಂದೇ ಎಂದರೆ ಅತ್ಯುಕ್ತಿಯಾಗದು.

ದೇವರಸನಹಳ್ಳಿಯ ಸುತ್ತಿನ ಒಕ್ಕಲಿಗರನ್ನು ಕೇಳಿದರೆ ಕೀರ್ತಿಯನ್ನೆಲ್ಲ ಮಣ್ಣಿಗೇ ಸಲ್ಲಿಸುತ್ತಾರೆ. ಆ ಭಾಗದ ಕಪ್ಪು ಜೇಡಿಮಣ್ಣಿನಲ್ಲಿ ಬೆಳೆದರೆ ಮಾತ್ರ ಆ ವಾಸನೆ, ಅದೇ ಕಂದನ್ನು ಬೇರೆ ಸೀಮೆಗೆ ಒಯ್ದು ನೆಟ್ಟರೆ ಗಿಡ ಬರುತ್ತದೆ, ಗೊನೆ ಬರುತ್ತದೆ, ಗಮಲು ಬರುವುದಿಲ್ಲ ಎಂಬುದು ಅವರ ಅನುಭವದ ಮಾತು. ಕಣಾದನ ವೈಶೇಷಿಕ ದರ್ಶನವೂ ಇದಕ್ಕೆ ದೂರವಲ್ಲ. ಆ ದರ್ಶನದ ಪ್ರಕಾರ ಗಂಧವು ಪೃಥಿವಿಯೊಂದರದೇ ವಿಶೇಷಗುಣ. ನೀರಿಗೆ ವಾಸನೆಯಿರುವಂತೆ ತೋರಿದರೆ ಅದರಲ್ಲಿ ಬೆರೆತ ಪಾರ್ಥಿವಾಂಶವೇ ಕಾರಣ. ಕಲ್ಲಿಗೆ ವಾಸನೆಯಿಲ್ಲವಲ್ಲವೆ ಎಂದು ಆಕ್ಷೇಪಿಸಿದರೆ, ಸುಟ್ಟ ಕಲ್ಲಿನ ಭಸ್ಮಕ್ಕೆ ವಾಸನೆಯಿರುವುದರಿಂದ ಕಲ್ಲಿನಲ್ಲಿಯೂ ಅದು ಅವ್ಯಕ್ತವಾಗಿ ಇದ್ದೇ ಇತ್ತೆಂದು ತಾರ್ಕಿಕರು ಸಮಾಧಾನ ಹೇಳುತ್ತಾರೆ. ಗೀತೆಯ ಏಳನೆಯ ಅಧ್ಯಾಯದಲ್ಲಿ ಭಗವಂತನು ಭೂಮಿಯಲ್ಲಿರುವ ಪುಣ್ಯಗಂಧ ತಾನೇ ಎಂದು ಹೇಳಿಕೊಂಡಿರುವುದನ್ನು ಇದರೊಡನೆ ಸೇರಿಸಿಕೊಂಡರೆ ಒಕ್ಕಲಿಗನ ಮಾತಿಗೆ ಶಾಸ್ತ್ರದ ಬೆಂಬಲವೂ ಭಕ್ತಿಯ ಬೆಂಬಲವೂ ಒಟ್ಟಿಗೇ ದೊರೆತಂತಾಯಿತು.

ಆದರೂ ವಿಚಾರ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಕಪ್ಪು ಮಣ್ಣಿನಲ್ಲಿ ರಾಗಿಯೂ ಕಬ್ಬೂ ಬೆಳೆಯುತ್ತವೆ, ಅವುಗಳಿಗೆ ಈ ಗಂಧವಿಲ್ಲ. ರಸಬಾಳೆಯ ಬಂಧುಗಳು ತಮಿಳುನಾಡಿನಲ್ಲಿ ರಸ್ತಾಳಿಯೆಂದೂ ಬಿಹಾರದಲ್ಲಿ ಮಾಲಭೋಗವೆಂದೂ ಹೆಸರು ಪಡೆದು ತಮ್ಮ ತಮ್ಮ ಮಣ್ಣಿನಲ್ಲಿ ಸುವಾಸನೆಯಿಂದಲೇ ಮನ್ನಣೆ ಗಳಿಸಿವೆ. ಮಣ್ಣು ಕೊಟ್ಟುದನ್ನು ಗಿಡ ತನ್ನ ಸ್ವಭಾವಕ್ಕೆ ತಕ್ಕಂತೆ ಪಾಕಗೊಳಿಸಬೇಕು. ಈ ಪಾಕವೆಂಬ ವಿಷಯದಲ್ಲಿ ನಮ್ಮ ಪ್ರಾಚೀನರು ಎಷ್ಟು ಸೂಕ್ಷ್ಮವಾಗಿ ವಾದಿಸಿದ್ದರೆಂಬುದನ್ನು ನೆನೆದಾಗ ನನಗೆ ಗೌರವ ಇಮ್ಮಡಿಸುತ್ತದೆ. ತೇಜಸ್ಸಿನ ಸಂಯೋಗದಿಂದ ಪಾರ್ಥಿವ ವಸ್ತುವಿನ ರೂಪ, ರಸ, ಗಂಧ, ಸ್ಪರ್ಶಗಳು ಬದಲಾಗುತ್ತವೆ. ಹಸಿ ಮಡಕೆ ಸುಟ್ಟು ಕೆಂಪಾಗುವುದೂ ಹುಳಿಗಾಯಿ ಮಾಗಿ ಸಿಹಿಯಾಗುವುದೂ ಈ ಬಗೆಯ ಪಾಕವೇ. ವೈಶೇಷಿಕರು ಇದನ್ನು ಪೀಲುಪಾಕವೆಂದರು: ವಸ್ತು ಒಳಗೊಳಗೇ ಪರಮಾಣುಗಳವರೆಗೂ ಬಿಡಿಬಿಡಿಯಾಗಿ, ಪರಮಾಣುಗಳಲ್ಲಿ ಹೊಸ ಗುಣ ಹುಟ್ಟಿ, ಅವು ಮತ್ತೆ ಕೂಡಿ ಹೊಸ ವಸ್ತುವಾಗುತ್ತವೆ. ನೈಯಾಯಿಕರು ಪಿಠರಪಾಕವೆಂದರು: ಮಡಕೆ ಒಡೆಯದೆ ಮಡಕೆಯಾಗಿಯೇ ಉಳಿದು, ಅದರ ರಂಧ್ರಗಳೊಳಗೆ ತೇಜಸ್ಸು ಹೊಕ್ಕು ಗುಣವನ್ನು ಬದಲಿಸುತ್ತದೆ. ಮಾಗುವ ಬಾಳೆಯನ್ನು ಇಂದಿನ ರಸಾಯನಶಾಸ್ತ್ರ ನೋಡುವ ರೀತಿಯಲ್ಲಿ ಎರಡು ಪಕ್ಷಗಳಿಗೂ ಸ್ವಲ್ಪ ಸ್ವಲ್ಪ ಜಯವಿದೆ. ಕಾಯಿ ತನ್ನಲ್ಲಿಯೇ ಎಥಿಲೀನ್ ಎಂಬ ಅನಿಲವನ್ನು ಹೊರಡಿಸಿಕೊಂಡು ಮಾಗತೊಡಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಲ್ಯೂಸೀನ್ ಎಂಬ ಅಮೈನೋ ಆಮ್ಲದ ಅಣು ಬಿರಿದು, ಮಾರ್ಪಟ್ಟು, ಕೊನೆಗೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಾಗಿ ಗಾಳಿಗೆ ಏರುತ್ತದೆ. ಬಾಳೆಹಣ್ಣಿನ ವಾಸನೆಯೆಂದು ನಾವು ಗುರುತಿಸುವುದು ಮುಖ್ಯವಾಗಿ ಇದನ್ನೇ. ಇತರ ಹತ್ತಾರು ಎಸ್ಟರುಗಳು ಇದಕ್ಕೆ ಕೂಡಿ ಒಂದೊಂದು ಜಾತಿಯ ಬಾಳೆಗೂ ಅದರದೇ ಆದ ಛಾಯೆಯನ್ನು ಕೊಡುತ್ತವೆ. ಅಣುಗಳು ಒಡೆದು ಕೂಡಿದುವು. ಹಣ್ಣು ಮಾತ್ರ ಹಣ್ಣಾಗಿಯೇ ಉಳಿಯಿತು.

ಇಲ್ಲಿ ನೆರೆಯ ತಿರುಮಕೂಡಲು ನರಸೀಪುರ ಸೀಮೆಯ ಮಹಾಪುರುಷರೊಬ್ಬರ ನೆನಪು ಬರುತ್ತದೆ. ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ದೇಹವನ್ನು ಬಿಟ್ಟ ವ್ಯಾಸರಾಯರು ಹುಟ್ಟಿದ್ದು ಈ ತಾಲ್ಲೂಕಿನ ಬನ್ನೂರಿನಲ್ಲಿ. ಅವರ ಪರಂಪರೆಯ ಮಠ ಇಂದಿಗೂ ಸೋಸಲೆಯ ಹೆಸರನ್ನು ಧರಿಸಿದೆ. ನ್ಯಾಯ-ವೈಶೇಷಿಕ ಮತಗಳ ವಿಮರ್ಶೆಗಾಗಿಯೇ ಅವರು 'ತರ್ಕತಾಂಡವ'ವನ್ನು ರಚಿಸಿದರು. ದ್ರವ್ಯ ಬೇರೆ, ಗುಣ ಬೇರೆ, ಅವೆರಡನ್ನೂ ಸಮವಾಯವೆಂಬ ಮೂರನೆಯದೊಂದು ಕಟ್ಟಿಹಾಕಿದೆಯೆಂಬ ತಾರ್ಕಿಕರ ಮತವನ್ನು ವ್ಯಾಸರಾಯರೂ ಅವರ ಪಂಥದ ಮಾಧ್ವರೂ ಒಪ್ಪುವುದಿಲ್ಲ. ದ್ರವ್ಯ ಇರುವವರೆಗೂ ಇರುವ ಗುಣ ದ್ರವ್ಯಕ್ಕಿಂತ ಬೇರೆಯಲ್ಲ. ನಡುವೆ ಹುಟ್ಟಿ ನಡುವೆ ಅಳಿಯುವ ಗುಣವಾದರೋ ಅದಕ್ಕೆ ಭಿನ್ನವೂ ಹೌದು, ಅಭಿನ್ನವೂ ಹೌದು ಎಂಬುದು ಅವರ ನಿರ್ಣಯ. ರಸಬಾಳೆಯ ಪರಿಮಳ ಈ ಎರಡನೆಯ ವರ್ಗಕ್ಕೆ ಸೇರಿದ್ದು. ಕಾಯಿಯಲ್ಲಿ ಇರಲಿಲ್ಲ, ಕೊಳೆತಾಗ ಇರುವುದಿಲ್ಲ. ನಡುವಣ ಕೆಲವೇ ದಿನ ಹಣ್ಣಿನೊಡನೆ ಒಂದಾಗಿದ್ದೂ ಹಣ್ಣನ್ನು ಬಿಟ್ಟು ಹೊರಟಿರುತ್ತದೆ. ಹಣ್ಣೇ ತನ್ನದೆಂದು ಹಿಡಿದಿಡಲಾರದ ಗುಣವನ್ನು ತೋಟದ ಯಜಮಾನ ತನ್ನದೆನ್ನುವುದು ಹೇಗೆ?

ಹಾಗೆಂದು ಅದು ಮೂಸುವವನ ಮನಸ್ಸಿನ ಕಲ್ಪನೆ ಮಾತ್ರವೆನ್ನುವಂತೆಯೂ ಇಲ್ಲ. ಐಸೋಅಮೈಲ್ ಅಸಿಟೇಟನ್ನು 1962ರಲ್ಲಿ ವಿಜ್ಞಾನಿಗಳು ಇನ್ನೊಂದು ಕಡೆಯಲ್ಲಿಯೂ ಕಂಡರು: ಜೇನುಹುಳು ಕುಟುಕಿದಾಗ ಅದರ ಕೊಂಡಿಯ ಬಳಿಯಿಂದ ಹೊರಟು ಇಡೀ ಗೂಡನ್ನೇ ಯುದ್ಧಕ್ಕೆ ಎಬ್ಬಿಸುವ ಎಚ್ಚರಿಕೆಯ ದ್ರವ್ಯದಲ್ಲಿ ಪ್ರಧಾನವಾದುದು ಅದೇ. ಬಾಳೆಹಣ್ಣು ತಿಂದ ಕೈಯಲ್ಲಿ ಜೇನುಪೆಟ್ಟಿಗೆಯನ್ನು ತೆರೆಯಬಾರದೆಂದು ಜೇನು ಸಾಕುವವರು ಹೇಳುವುದು ಇದಕ್ಕಾಗಿ. ನಮಗೆ ಹಸಿವನ್ನೂ ಆಹ್ಲಾದವನ್ನೂ ತರುವುದು ಜೇನಿಗೆ ಪ್ರಾಣಭಯವನ್ನು ತರುತ್ತದೆ. ತಾರ್ಕಿಕರು ಗಂಧವನ್ನು ಸುರಭಿ, ಅಸುರಭಿ ಎಂದು ಎರಡಾಗಿ ವಿಭಾಗಿಸಿದರಷ್ಟೆ. ಆ ವಿಭಾಗ ವಸ್ತುವಿನಲ್ಲಿಲ್ಲ, ವಸ್ತುವಿಗೂ ಜೀವಕ್ಕೂ ಇರುವ ಸಂಬಂಧದಲ್ಲಿದೆ ಎಂದು ನನಗೆ ತೋರುತ್ತದೆ. ಗಂಧ ವಸ್ತುವಿನದು, ಸೌಗಂಧ್ಯ ಸಂಬಂಧದ್ದು. ಆರಿಸುವ ಮನುಷ್ಯನಿಗೆ ಪಾಲು ದೊರೆಯುವುದು ಈ ಸಂಬಂಧದಲ್ಲಿಯೇ ಹೊರತು ಗಂಧದ ಉತ್ಪತ್ತಿಯಲ್ಲಲ್ಲ.

ಆರಿಸುವ ಕೆಲಸದ ಸ್ವರೂಪ ಇಂದು ಅತ್ಯಂತ ಸ್ಪಷ್ಟವಾಗಿ ಕಾಣುವುದು, ಹೇಳಲು ಸಂಕೋಚವಾದರೂ, ಗಾಂಜಾ ಗಿಡದಲ್ಲಿ. ನಮ್ಮಲ್ಲಿ 1985ರ ಕಾಯಿದೆ ಗಾಂಜಾವನ್ನು ನಿಷೇಧಿಸಿದೆ. ಆಯುರ್ವೇದ ಅದೇ ಗಿಡವನ್ನು ವಿಜಯಾ ಎಂಬ ಹೆಸರಿನಿಂದ ಅರಿತಿದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಂತಹ ಕೆಲವೆಡೆಗಳಲ್ಲಿ, ಕೆಲವು ಶರಣ, ಆರೂಢ, ಅವಧೂತ ಪರಂಪರೆಗಳಲ್ಲಿ, ಅದಕ್ಕೆ ಪ್ರಸಾದದ ಭಾವನೆ ಇದ್ದುದೂ ಉಂಟು. ಆ ಚರ್ಚೆ ಇಲ್ಲಿ ಬೇಡ. ಕೆನಡ ದೇಶದಲ್ಲಿ 2018ರಿಂದ ಅದರ ಬೇಸಾಯ ನಿಯಮಗಳಿಗೊಳಪಟ್ಟು ಕಾನೂನುಬದ್ಧವಾಗಿದೆ. ಅಲ್ಲಿಯೂ ಅಮೆರಿಕದ ಹಲವು ಪ್ರಾಂತಗಳಲ್ಲಿಯೂ ತಳಿಗಾರರು ಈ ಗಿಡದಲ್ಲಿ ಕಿತ್ತಳೆ, ಮಾವು, ದ್ರಾಕ್ಷಿಗಳ ವಾಸನೆಯನ್ನು ಹುಡುಕುತ್ತ, ಹಣ್ಣುಗಳ ಹೆಸರನ್ನೇ ತಳಿಗಳಿಗೆ ಇಡುತ್ತಿದ್ದಾರೆ. ಗಂಡು ಬೇರೆ, ಹೆಣ್ಣು ಬೇರೆಯಾದ ಈ ಗಿಡ ಗಾಳಿಯಿಂದ ಪರಾಗವನ್ನು ಪಡೆಯುವುದರಿಂದ ಒಂದೇ ತಾಯಿಯ ಬೀಜಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ತಳಿಗಾರ ಬೀಜಗಳನ್ನು ಹೇರಳವಾಗಿ ಬಿತ್ತುತ್ತಾನೆ. ಎಳೆಯ ಗಿಡದ ಕಾಂಡವನ್ನು ಬೆರಳಿನಿಂದ ಉಜ್ಜಿ ಮೂಸುತ್ತಾನೆ. ಹೂ ಬಂದಾಗ ಮತ್ತೊಮ್ಮೆ, ಹೂ ಒಣಗಿದ ಮೇಲೆ ಇನ್ನೊಮ್ಮೆ ಮೂಸಿ, ಬೇಡವಾದುದನ್ನೆಲ್ಲ ಕಿತ್ತೊಗೆಯುತ್ತಾನೆ. ಮೆಚ್ಚಿದ ತಾಯಿಗಿಡದಿಂದ ಮೊದಲೇ ಕತ್ತರಿಸಿಟ್ಟ ಕಡ್ಡಿಗಳನ್ನು ನೆಟ್ಟು ಅದನ್ನೇ ಮುಂದುವರಿಸುತ್ತಾನೆ. ಹೂವಿನ ಮೇಲಿನ ಸೂಕ್ಷ್ಮವಾದ ಅಂಟುರೋಮಗಳಲ್ಲಿ ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್, ಮಾವಿನಲ್ಲಿರುವ ಮಿರ್ಸೀನ್ ಮೊದಲಾದ ಟರ್ಪೀನುಗಳಿರುತ್ತವೆ; ಎಷ್ಟೋ ತಳಿಗಳಲ್ಲಿ ಹಣ್ಣಿನ ಭ್ರಮೆ ಹುಟ್ಟಿಸುವುದು ಇವುಗಳಿಗಿಂತಲೂ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕಯುಕ್ತ ದ್ರವ್ಯಗಳೆಂದು ಈಚಿನ ಪರಿಶೋಧನೆಗಳಿಂದ ತಿಳಿದುಬಂದಿದೆ. ಗಿಡ ಇವನ್ನು ಮನುಷ್ಯನಿಗಾಗಿ ಮಾಡಿಕೊಂಡುದಲ್ಲ. ಬಹುಶಃ ಹುಳುಹುಪ್ಪಟೆಗಳನ್ನು ದೂರವಿಡಲು ಮಾಡಿಕೊಂಡುದು. ತಳಿಗಾರ ಒಂದು ಅಣುವನ್ನೂ ಸೃಷ್ಟಿಸಲಿಲ್ಲ. ಅವನು ಮಾಡಿದ್ದು ಹೌದು, ಅಲ್ಲ ಎಂದುದಷ್ಟೆ.

ಇಷ್ಟನ್ನು ಹೇಳಿದ ಮೇಲೆ, ಹೌದು ಅಲ್ಲಗಳ ಮಹತ್ತ್ವವನ್ನು ಕಡಿಮೆಮಾಡಿ ಹೇಳುವುದೂ ತಪ್ಪೇ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೂ ಗಂಧಯುಕ್ತಿಗೂ ಪ್ರಕರಣಗಳಿವೆ. ವಾಸನೆಯನ್ನು ಹೊರಗಿನಿಂದ ಕೂಡಿಸಿ ತರುವ ಆಸೆ ಅಷ್ಟು ಹಳೆಯದು. ಆದರೆ ಗೊಬ್ಬರವನ್ನೆರೆದು ತಂದ ಗುಣ ಮುಂದಿನ ಪೀಳಿಗೆಗೆ ಇಳಿಯದು; ಮೂಸಿ ಆರಿಸಿದ ಗುಣ ಇಳಿಯುತ್ತದೆ. ರಸಬಾಳೆಯ ವಿಷಯದಲ್ಲಿ ಈ ಆಯ್ಕೆ ಒಂದೇ ಒಂದು ಸಾರಿ ನಡೆದು ಮುಗಿಯಿತೆನ್ನಬಹುದು. ಎರಡು ಕಾಡುಬಾಳೆಗಳ ಸಂಕರದಿಂದ ಹುಟ್ಟಿ, ವರ್ಣತಂತುಗಳ ಮೂರು ಕಟ್ಟುಗಳನ್ನು ಹೊತ್ತು, ಬೀಜ ಕಟ್ಟಲಾರದ ಗಿಡವೊಂದರ ಹಣ್ಣನ್ನು ಎಂದೋ ಯಾರೋ ಮೂಸಿ ಮೆಚ್ಚಿದರು. ಬುಡದ ಕಂದನ್ನು ಗೆಡ್ಡೆಸಹಿತ ಅಗೆದು ಪಕ್ಕದಲ್ಲಿ ನೆಟ್ಟರು. ಆ ಕಂದಿನ ಕಂದು, ಅದರ ಕಂದು ಹೀಗೆ ಬಂದ ಸಂತತಿಯೇ ಇಂದಿನ ತೋಟಗಳಲ್ಲಿರುವುದು. ತಾಯಿ ಸತ್ತು ಮಗಳು ಉಳಿಯಿತೆಂಬುದು ಇಲ್ಲಿ ಉಪಚಾರದ ಮಾತು. ತಾತ್ತ್ವಿಕವಾಗಿ ಒಂದೇ ವ್ಯಕ್ತಿ ನೂರಾರು ವರ್ಷಗಳಿಂದ ದೇಹವನ್ನು ಬದಲಿಸುತ್ತ ಬದುಕಿದೆ. ಮೈಸೂರು ಮಲ್ಲಿಗೆಯನ್ನೂ ಬಳ್ಳಿಯ ತುಂಡಿನಿಂದಲೇ ಬೆಳೆಸುವುದು.

ಅಪಾಯವೂ ಅಲ್ಲಿಂದಲೇ ಬಂದಿತು. ವ್ಯಕ್ತಿ ಒಂದೇ ಆದುದರಿಂದ ಒಂದರ ಮೃತ್ಯು ಎಲ್ಲದರ ಮೃತ್ಯುವಾಗಬಲ್ಲದು. ಪನಾಮ ಸೊರಗುರೋಗದ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಕೆಳಗಣ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ. ದಿಂಡಿನ ಬುಡ ಸೀಳುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಒಳಗೆ ಕೆಂಗಂದು ಬಣ್ಣದ ಗೆರೆಗಳು ಕಾಣುತ್ತವೆ. ಇದೇ ರೋಗದಿಂದ ಕಳೆದ ಶತಮಾನದ ಮಧ್ಯಭಾಗದಲ್ಲಿ ಮಧ್ಯ ಅಮೆರಿಕದ ವಿಶಾಲವಾದ ತೋಟಗಳಲ್ಲಿ ಗ್ರೋ ಮಿಶೆಲ್ ಎಂಬ ಬಾಳೆ ಅಳಿದು, ಅದರ ಸ್ಥಾನವನ್ನು ನಾವು ಪಚ್ಚಬಾಳೆಯೆನ್ನುವ ಕ್ಯಾವೆಂಡಿಶ್ ಕುಲ ಆಕ್ರಮಿಸಿತು. ರಸಬಾಳೆ ಈ ರೋಗಕ್ಕೆ ಬಹುಬೇಗ ತುತ್ತಾಗುವ ಜಾತಿ. ಒಮ್ಮೆ ಹೊಕ್ಕ ಶಿಲೀಂಧ್ರ ದಶಕಗಳ ಕಾಲ ಮಣ್ಣಿನಲ್ಲಿ ಕಾದಿರಬಲ್ಲದು. ಹೀಗೆ ನಂಜನಗೂಡಿನ ಸುತ್ತ ರಸಬಾಳೆಯ ತೋಟಗಳು ಕರಗುತ್ತ ಹೋಗಿ, ಗಟ್ಟಿ ಸಿಪ್ಪೆಯ, ಲಾರಿಯ ಕುಲುಕಾಟವನ್ನು ತಾಳುವ ಬಾಳೆಗಳು ಮುಂದೆ ಬಂದುವು. ಪರಿಮಳಕ್ಕೆ ಕಾರಣವೆಂದು ಒಕ್ಕಲಿಗ ಕೈಮುಗಿದ ಮಣ್ಣೇ ನಂಜನ್ನು ಧರಿಸಿತು. ಅದನ್ನು ಕಂಠದಲ್ಲಿ ತಡೆದು ನಿಲ್ಲಿಸುವವರು ಇಲ್ಲಿ ಬೇರೆ ಯಾರೂ ಇಲ್ಲ, ನಾವೇ ಆಗಬೇಕು.

ಗಂಧವನ್ನು ಕುರಿತು ವೇದಾಂತಿಗಳು ನಡೆಸಿದ ಇನ್ನೊಂದು ವಾದ ಈ ಸಂದರ್ಭದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಪರಿಮಾಣವನ್ನು ವಿಚಾರಿಸುವಾಗ, ಹೂ ಇರುವ ಸ್ಥಳವನ್ನು ಮೀರಿ ಅದರ ವಾಸನೆ ಹರಡುವಂತೆ ಅಣುವಾದ ಜೀವನ ಚೈತನ್ಯವೂ ದೇಹವನ್ನೆಲ್ಲ ವ್ಯಾಪಿಸೀತೆಂಬ ದೃಷ್ಟಾಂತ ಬರುತ್ತದೆ. ಶಂಕರರು ಅದನ್ನು ಪೂರ್ವಪಕ್ಷವೆಂದು ಎಣಿಸಿ, ಗುಣ ತನ್ನ ಆಶ್ರಯವನ್ನು ಬಿಟ್ಟು ಹೋಗಲಾರದು, ಸೂಕ್ಷ್ಮವಾದ ಕಣಗಳೇ ವಾಸನೆಯೊಡನೆ ಸಾಗುತ್ತವೆ ಎಂದರು. ಮಧ್ವರೂ ರಾಮಾನುಜರೂ ಜೀವ ಅಣುವೆಂಬುದನ್ನೇ ಸಿದ್ಧಾಂತವಾಗಿ ಹಿಡಿದರು. ಕಣಗಳು ಸಾಗುತ್ತವೆಂಬ ಅಂಶದಲ್ಲಿ ಇಂದಿನ ರಸಾಯನಶಾಸ್ತ್ರ ಶಂಕರರ ಮಾತನ್ನು ಅನುಮೋದಿಸುತ್ತದೆ. ಆದರೆ ದೃಷ್ಟಾಂತದ ಜೀವಾಳ ನನಗೆ ಕಾಣುವುದು ಬೇರೊಂದು ಕಡೆ. ತಿರುಮಕೂಡಲಿನಲ್ಲಿ, ಕಪಿಲೆ ಕಾವೇರಿಯನ್ನು ಕೂಡುವಲ್ಲಿ, ಗುಂಜಾನರಸಿಂಹನ ಕೈಯಲ್ಲಿ ಗುಲಗಂಜಿಯೊಂದಿದೆ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಮಿಗಿಲೆಂದು ಜನ ನಂಬುತ್ತಾರೆ. ಒಂದು ರಸಬಾಳೆಹಣ್ಣಿನಲ್ಲಿರುವ ಪರಿಮಳದ್ರವ್ಯವನ್ನೆಲ್ಲ ಕೂಡಿಸಿ ತೂಗಿದರೂ ಆ ಗುಲಗಂಜಿಯ ಬಳಿಗೂ ಬಾರದು. ಅಷ್ಟು ಅಲ್ಪವಾದುದು ಮನೆಯನ್ನೆಲ್ಲ ತುಂಬಬೇಕಾದರೆ ಹಣ್ಣು ಅದನ್ನು ಬಿಟ್ಟುಕೊಡಬೇಕು. ಒಳಗೇ ಉಳಿದ ಗಂಧವನ್ನು ಗಂಧವೆಂದು ಯಾರೂ ಅರಿಯರು. ಪರಿಮಳಕ್ಕೆ ಒಡೆತನವೆಂಬ ಧರ್ಮವೇ ಹೊಂದುವುದಿಲ್ಲವೆಂದು ನಾನು ನಂಬಿರುವುದು ಇದರಿಂದ. ಮೂಸಿದ ಒಕ್ಕಲಿಗನಿಂದ ದೇವರ ಭೋಗಕ್ಕೆ ಅಪಚಾರವಾಯಿತೆಂಬ ಶಂಕೆಗೂ ಇಲ್ಲಿಯೇ ಪರಿಹಾರವಿದೆ: ಅವನು ಮೂಸಿದ್ದು ಉಳಿಸುವುದಕ್ಕಾಗಿ, ಅರ್ಚಕ ಮೂಸದೆ ಇರುವುದು ಒಪ್ಪಿಸುವುದಕ್ಕಾಗಿ, ಎರಡೂ ಸೇವೆಯೇ.

ಎಲೆ, ಹೂ, ಹಣ್ಣು, ನೀರು ಯಾವುದಾದರೂ ಭಕ್ತಿಯಿಂದ ಬಂದರೆ ಸಾಕೆಂದು ಗೀತಾಚಾರ್ಯ ಹೇಳಿದ್ದಾನೆ. ಪಚ್ಚಬಾಳೆಯ ನೈವೇದ್ಯವನ್ನು ನಂಜುಂಡ ನಿರಾಕರಿಸುವುದಿಲ್ಲ. ದೇವರಿಗೆ ರಸಬಾಳೆಯೇ ಬೇಕೆಂದಿಲ್ಲವಾದ ಮೇಲೆ ಅದನ್ನು ಉಳಿಸುವ ಹೊಣೆ ಮತ್ತಷ್ಟು ನೇರವಾಗಿ ಮನುಷ್ಯನ ಮೇಲೆಯೇ ಬೀಳುತ್ತದೆ. ಬೀಜದ ಸ್ವಾತಂತ್ರ್ಯವಿಲ್ಲದ, ನಾವು ಅಗೆದು ನೆಡದಿದ್ದರೆ ಬೇರೆ ಹೊಲವನ್ನೇ ಕಾಣಲಾರದ ಗಿಡವನ್ನು ಮೆಚ್ಚಿ ನಮ್ಮ ಬಳಿ ಇರಿಸಿಕೊಂಡವರು ನಾವು. ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿಗಳನ್ನು ಪಡೆಯಬಹುದಾಗಿದೆ, ತೋಟಗಾರಿಕೆಯವರು ಅದನ್ನು ಪ್ರೋತ್ಸಾಹಿಸುತ್ತಲೂ ಇದ್ದಾರೆ. ಆದರೆ ನಿರ್ಮಲವಾದ ಸಸಿಯನ್ನು ಸೋಂಕಿನ ಮಣ್ಣಿನಲ್ಲಿ ನೆಟ್ಟರೆ ಅದೂ ಸೊರಗುತ್ತದೆ. ಬತ್ತದೊಡನೆ ಬೆಳೆ ಬದಲಿಸಿ ನೆಲದಲ್ಲಿ ನೀರು ನಿಲ್ಲಿಸಿದರೆ ಶಿಲೀಂಧ್ರದ ಬಲ ಕುಗ್ಗುವುದೆಂದು ಬಲ್ಲವರು ಹೇಳುತ್ತಾರೆ. ಬತ್ತದ ಗದ್ದೆಗೆ ನರಸೀಪುರದ ನಾಲೆಯ ಬಯಲಿನಲ್ಲಿ ಕೊರತೆಯಿಲ್ಲ. ಆ ಗದ್ದೆಗಳ ಅಂಚಿನಲ್ಲಿ ರೋಗವಿಲ್ಲದ ಸಸಿಗಳನ್ನು ನೆಟ್ಟು, ಮೊದಲ ಗೊನೆ ಮಾಗಿದಾಗ ಅದರ ಗಮಲು ದೇವರಸನಹಳ್ಳಿಯ ಹಣ್ಣಿನ ಗಮಲಿಗೆ ಎಷ್ಟು ಸಮೀಪವೆಂದು ಹಳಬರಿಂದ ಮೂಸಿಸಿ ನೋಡುವ ಕೆಲಸ ಬರುವ ನಾಟಿಯ ಹಂಗಾಮಿನಲ್ಲಿಯೇ ಆರಂಭವಾಗಬಹುದು.